ಕಾರಣ ಬರೆಯದ ಕಾಗದ

ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ಹಾಕಿದಾಗ ‘ಇದು ನಿಮಗೆ ಮೊದಲೇ ಇದ್ದ ಕಾಯಿಲೆ’ ಅಂತ ಒಂದೇ ಸಾಲಿನ ಮೇಲ್ ಬಂದರೆ ಎಷ್ಟು ಉರಿಯುತ್ತೆ ಅಲ್ವಾ? ಅದೇ ಸಾಲನ್ನು ಒಬ್ಬ ಸೈನಿಕನಿಗೆ ಬರೆದ ಕಥೆ ಇದು.

ಧರಂವೀರ್ ಸಿಂಗ್ 1985ರಲ್ಲಿ ಸೇನೆಯ ಸಿಗ್ನಲ್ಸ್ ವಿಭಾಗಕ್ಕೆ ಸೇರಿದರು. ಸೇರುವಾಗ ಮೆಡಿಕಲ್ ಆಯ್ತು, ದಾಖಲೆಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಸುಮಾರು 9 ವರ್ಷ ದುಡಿದ ಮೇಲೆ, 1994ರಲ್ಲಿ ಮೂರ್ಛೆರೋಗ ಅಂತ ಮನೆಗೆ ಕಳಿಸಿದರು. ವೈದ್ಯಕೀಯ ಮಂಡಳಿ ಶೇ 20 ಅಂಗವೈಕಲ್ಯ ಎಂದಿತು. 1961ರ ಪಿಂಚಣಿ ನಿಯಮಕ್ಕೆ ಬೇಕಾದದ್ದೂ ಕನಿಷ್ಠ ಶೇ 20. ಆದರೆ ಇನ್ನೊಂದು ಷರತ್ತಿತ್ತು: ಕಾಯಿಲೆ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಮಂಡಳಿ ‘ಸೇವೆಗೆ ಸಂಬಂಧವಿಲ್ಲ’ ಎಂದು ಬರೆಯಿತು. ಪಿಂಚಣಿ ಸಿಗಲಿಲ್ಲ.

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ. ಗುಂಡೇಟಿಗೆ ದಿನಾಂಕ ಇರುತ್ತೆ, ಜಾಗ ಇರುತ್ತೆ. ಮೂರ್ಛೆ, ರಕ್ತದೊತ್ತಡ, ಮಾನಸಿಕ ಕಾಯಿಲೆಗೆ ಅಂಥ ಗುರುತು ಎಲ್ಲಿಂದ ತರೋದು?

ವಿಚಿತ್ರ ಏನೆಂದರೆ, ಈ ತೊಡಕನ್ನು 1982ರ ನಿಯಮಗಳೇ ಬಿಡಿಸಿಟ್ಟಿದ್ದವು. ಸೇರುವಾಗ ದಾಖಲೆಯಲ್ಲಿಲ್ಲದ ಕಾಯಿಲೆಯಿಂದ ಸೈನಿಕ ಹೊರಬಿದ್ದರೆ, ಅದು ಸೇವೆಯಲ್ಲೇ ಬಂದದ್ದು ಎಂದು ಭಾವಿಸಬೇಕಿತ್ತು. ಅವನು ಏನನ್ನೂ ಸಾಬೀತು ಮಾಡಬೇಕಿರಲಿಲ್ಲ. ಅನುಮಾನವಿದ್ದರೆ ಅದರ ಲಾಭ ಅವನಿಗೆ. ಮಂಡಳಿ ಒಪ್ಪದಿದ್ದರೆ, ಸೇರುವಾಗಲೇ ಇದು ಯಾಕೆ ಪತ್ತೆಯಾಗಲಿಲ್ಲ ಅಂತ ಕಾರಣ ಬರೆಯಬೇಕಿತ್ತು. ಧರಂವೀರ್ ಕಾಗದದಲ್ಲಿ ಆ ಕಾರಣವೇ ಇರಲಿಲ್ಲ.

ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರ ನಿಂತಿತು. ಸರ್ಕಾರ ಮೇಲ್ಮನವಿ ಹೋಯಿತು, ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಆ ನಿಯಮಗಳನ್ನೇ ಒಂದೊಂದಾಗಿ ಓದಿ, ಕಾರಣ ಕೊಡದ ಮಂಡಳಿಯ ಅಭಿಪ್ರಾಯ ನಿಲ್ಲದು ಎಂದಿತು. ಪಿಂಚಣಿ ಅವರದಾಯಿತು. ಅಷ್ಟರಲ್ಲಿ 19 ವರ್ಷ ಕಳೆದಿತ್ತು, ಅಂದರೆ ಅವರು ಸೇನೆಯಲ್ಲಿ ಕಳೆದದ್ದರ ಎರಡು ಪಟ್ಟು.

ಅಲ್ಲಿಗೆ ಮುಗೀತಾ? ಇಲ್ಲ. ಮರುವರ್ಷವೇ ಇನ್ನೊಬ್ಬ ಸೈನಿಕ, ಸುಖ್ವಿಂದರ್ ಸಿಂಗ್, ಇಂಥದ್ದೇ ಪ್ರಶ್ನೆ ಹಿಡಿದು ಅದೇ ಕೋರ್ಟಿನ ಮುಂದಿದ್ದರು. ಕೋರ್ಟ್ ಮತ್ತೆ ಅದೇ ಮಾತು ಹೇಳಬೇಕಾಯಿತು.

ಇಲ್ಲಿ ನಿಯಮ ಸೈನಿಕನ ಪರವಾಗಿಯೇ ಇತ್ತು. ಅದನ್ನು ಪಾಲಿಸಬೇಕಾದ ಮೇಜಿನ ಮೇಲೆ ಒಂದು ಸಾಲು ಬರೆದು ಕೈತೊಳೆದುಕೊಂಡರು. ಆ ಒಂದು ಸಾಲನ್ನು ಅಳಿಸೋಕೆ ದೇಶದ ಅತಿದೊಡ್ಡ ಕೋರ್ಟೇ ಬೇಕಾಯ್ತು.