1855ರ ಕಲ್ಕತ್ತಾ ಆಟ: ಮೂರು ಕಾಲಾಳುಗಳ ಸಾಕ್ಷ್ಯ

ಚದುರಂಗದ 'ಇಂಡಿಯನ್ ಡಿಫೆನ್ಸ್' ಎಂಬ ಹೆಸರಿನ ಹಿಂದೆ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಇದ್ದಾರೆ. ಕಲ್ಕತ್ತಾದಲ್ಲಿ ಬ್ಯಾರಿಸ್ಟರ್ ಜಾನ್ ಕಾಕ್ರೇನ್ (1798–1878) ಜೊತೆ ಅವರು ಆಡಿದ ನೂರಾರು ಆಟಗಳು ದಾಖಲಾಗಿ ಉಳಿದಿವೆ. ಕಾಲಾಳುಗಳನ್ನು ಜಿ6ಕ್ಕೂ ಡಿ6ಕ್ಕೂ ಒಂದೊಂದೇ ಮನೆ ಸರಿಸಿ, ಒಂಟೆಯನ್ನು ಜಿ7ರಲ್ಲಿ ನಿಲ್ಲಿಸುವುದು ಅವರ ಮೆಚ್ಚಿನ ಕ್ರಮ. ಹಳೆಯ ದೇಶಿ ಆಟದಲ್ಲಿ ಕಾಲಾಳಿಗೆ ಸಾಮಾನ್ಯವಾಗಿ ಮೊದಲ ನಡೆಯಲ್ಲೂ ಒಂದೇ ಮನೆ; ಆ ರೂಢಿಯೇ ಇದಕ್ಕೆ ಕಾರಣ ಎಂಬ ವಿವರಣೆ ಪ್ರಚಲಿತವಾಗಿದೆ. 1855ರ ಮೇ ತಿಂಗಳ ಒಂದು ಆಟವನ್ನು ಓದಿದರೆ ಈ ವಿವರಣೆ ಸಾಲದು ಎನಿಸುತ್ತದೆ.

ಬಿಳಿ ಕಾಯಿ ಕಾಕ್ರೇನರದು. ಅವರ ಕಾಲಾಳುಗಳು ಡಿ4, ಸಿ4ಕ್ಕೆ ಬಂದವು. ಬ್ಯಾನರ್ಜಿ ಎಫ್6ಕ್ಕೆ ಕುದುರೆ ತಂದು, ಜಿ6 ಆಡಿ, ಮೂರನೆಯ ನಡೆಯಲ್ಲಿ ಡಿ5 ಆಡಿದರು. ಎಂಟನೆಯದು ಸಿ5. ಆರಂಭದಲ್ಲಿ ಅವರು ಸರಿಸಿದ ಮೂರು ಕಾಲಾಳುಗಳಲ್ಲಿ ಎರಡು, ಎರಡೆರಡು ಮನೆ ನಡೆದಿವೆ. ಮೊದಲ ನಡೆಯಲ್ಲಿ ಎರಡು ಮನೆ ಬಿಡುವ ಹೊಸ ನಿಯಮ ಅವರಿಗೆ ಕರಗತವಾಗಿತ್ತು. ಹಾಗಿದ್ದಮೇಲೆ ಜಿ6 ಅಭ್ಯಾಸಬಲವಲ್ಲ, ಆಯ್ಕೆ.

ಉಳಿದ ನಡೆಗಳೂ ಇದನ್ನೇ ಹೇಳುತ್ತವೆ. ಸಿ3ರಲ್ಲಿ ಕುದುರೆಗೆ ಕುದುರೆ ವಿನಿಮಯ ಮಾಡಿ, ಇನ್ನೊಂದು ಕುದುರೆಯನ್ನು ಸಿ6ಕ್ಕೂ ಒಂಟೆಯನ್ನು ಜಿ4ಕ್ಕೂ ತಂದರು. ಜಿ7ರ ಒಂಟೆ, ಸಿ6ರ ಕುದುರೆ ಎರಡೂ ಡಿ4ರ ಕಾಲಾಳಿನ ಮೇಲೆ ಕಣ್ಣಿಟ್ಟಿದ್ದರೆ, ಜಿ4ರ ಒಂಟೆ ಅದರ ಕಾವಲಿಗಿದ್ದ ಎಫ್3ರ ಕುದುರೆಯನ್ನು ಒತ್ತುತ್ತಿತ್ತು. ನಡುಮಣೆಯನ್ನು ಎದುರಾಳಿಗೆ ಬಿಟ್ಟು ದೂರದಿಂದ ಅದನ್ನು ಸಡಿಲಿಸುವ ಈ ಕ್ರಮವನ್ನು ಎರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ದೊಡ್ಡ ಪಂದ್ಯಗಳಿಗೆ ತಂದರು. ಇಂದು ಅದು ಅವರ ಹೆಸರಿನಲ್ಲಿದೆ.

ಆಟ ಮಾತ್ರ ಕಾಕ್ರೇನರ ಪಾಲಾಯಿತು. ಅವರ ಆನೆ ಸಿ5ಕ್ಕೂ ಬಿ5ಕ್ಕೂ ನುಗ್ಗಿ ಕಪ್ಪು ಮಂತ್ರಿಯನ್ನು ಮೂಲ ಮನೆಗೆ ಅಟ್ಟಿತು. ಹದಿನೆಂಟನೆಯ ನಡೆಯಲ್ಲಿ ಅವರ ಕುದುರೆ ಎಫ್7ರ ಕಾಲಾಳನ್ನು ಹೊಡೆಯಿತು. ಬ್ಯಾನರ್ಜಿ ಕುದುರೆಯನ್ನು ಎ5ಕ್ಕೆ ತಂದು ಬಿಳಿ ಮಂತ್ರಿಗೆ ಗುರಿಯಿಟ್ಟರು. ಅಲ್ಲಿಂದ ಚೆಕ್‌ಮೇಟ್ ಮೂರೇ ನಡೆ: ಕುದುರೆ ಎಚ್6ರಿಂದ ಜೋಡಿ ಚೆಕ್, ರಾಜ ಮೂಲೆಗೆ ಸರಿದರೆ ಜಿ8ರಲ್ಲಿ ಮಂತ್ರಿಯ ಬಲಿ, ಆನೆ ಅದನ್ನು ಹೊಡೆದೊಡನೆ, ತನ್ನ ಕಾಯಿಗಳ ನಡುವೆಯೇ ಸಿಕ್ಕ ರಾಜನಿಗೆ ಎಫ್7ರಿಂದ ಕುದುರೆಯ ಕೊನೆಯ ಪೆಟ್ಟು.

ಸೋಲು ತಂದದ್ದು ಕೈಕೈ ಕಾಳಗದ ಲೆಕ್ಕ, ಆರಂಭದ ಯೋಜನೆಯಲ್ಲ. ಆ ಯೋಜನೆ ಗ್ರುನ್‌ಫೆಲ್ಡ್‌ಗಿಂತ 67 ವರ್ಷ ಮೊದಲೇ ಕಲ್ಕತ್ತಾದ ಮಣೆಯ ಮೇಲಿತ್ತು. ಬ್ಯಾನರ್ಜಿಯವರನ್ನು ಹಳೆಯ ನಿಯಮದ ರೂಢಿಗೆ ಕಟ್ಟುಬಿದ್ದವರೆಂದಲ್ಲ, ಸ್ವತಂತ್ರವಾಗಿ ಯೋಚಿಸಿದ ಆಟಗಾರರೆಂದೇ ಗಣಿಸಬೇಕು.