ಗಾಜಿನ ಆಚೆ ಯಾರ ಮಾತು ನಡೆಯುತ್ತದೆ: ಕಲೆ, ಉಡುಪು ಮತ್ತು ಅಂಗಡಿಯ ಕಿಟಕಿ

1939ರ ಮಾರ್ಚ್ 16ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನಲ್ಲಿ ಒಂದು ಸ್ನಾನದ ತೊಟ್ಟಿ ಅಂಗಡಿಯ ಗಾಜನ್ನು ಒಡೆಯಿತು. ಅದರ ಬೆನ್ನಿಗೇ ಬೀದಿಗೆ ಬಂದವರು ಕಲಾವಿದ ಸಾಲ್ವಡಾರ್ ಡಾಲಿ. ಸಿರಿವಂತ ಹೆಂಗಸರ ಉಡುಪಿಗೆ ಹೆಸರಾದ ಬಾನ್‌ವಿಟ್ ಟೆಲ್ಲರ್ ಮಳಿಗೆ ತನ್ನ ಕಿಟಕಿಗಳನ್ನು ಸಿಂಗರಿಸಲು ಅವರನ್ನು ಕರೆಸಿತ್ತು. ‘ಹಗಲು’, ‘ಇರುಳು’ ಎಂಬ ಎರಡು ದೃಶ್ಯಗಳು ಸಿದ್ಧವಾದವು. ಒಂದರಲ್ಲಿ ಒಳಮೈಗೆ ಕುರಿಮರಿಯ ಗುಂಗುರು ತುಪ್ಪಳ ಹೊದಿಸಿದ ತೊಟ್ಟಿ. ಇನ್ನೊಂದರಲ್ಲಿ ಕೆಂಡದ ಹಾಸಿಗೆಯ ಮೇಲೆ ಮಲಗಿದ ಬೊಂಬೆ. ದಾರಿಹೋಕರಿಂದ ದೂರು ಬಂದಾಗ ಮಳಿಗೆಯವರು ಡಾಲಿಯನ್ನು ಕೇಳುವ ಗೋಜಿಗೆ ಹೋಗದೆ ಅವರ ಬೊಂಬೆಗಳನ್ನು ತೆಗೆದು ತಮ್ಮ ಮಾಮೂಲಿ ಬೊಂಬೆಗಳನ್ನು ನಿಲ್ಲಿಸಿದರು. ಅದನ್ನು ಕಂಡ ಡಾಲಿ ಕಿಟಕಿಯೊಳಗೆ ನುಗ್ಗಿ ತೊಟ್ಟಿಯನ್ನು ಎಳೆದಾಡಿದರು. ಪೊಲೀಸರು ಹಿಡಿದೊಯ್ದರು, ನ್ಯಾಯಾಧೀಶರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಬಿಟ್ಟುಕಳಿಸಿದರು.

ಇದನ್ನು ಪ್ರಚಾರದ ಗಿಮಿಕ್ಕು ಎಂದು ನಗುವುದು ವಾಡಿಕೆ. ಆದರೆ ಜಗಳದ ವಿಷಯವನ್ನು ಗಮನಿಸಬೇಕು. ಕಲೆಯನ್ನು ವ್ಯಾಪಾರಕ್ಕೆ ಬಳಸಿದರೆಂಬ ತಕರಾರು ಡಾಲಿಯದಲ್ಲ. ಎರಡು ವರ್ಷ ಹಿಂದೆಯಷ್ಟೇ, 1937ರಲ್ಲಿ, ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿಯ ಬಿಳಿ ಗೌನಿಗೆ ಅವರು ದೊಡ್ಡದೊಂದು ಕೆಂಪು ಲಾಬ್ಸ್ಟರ್ ಬರೆದುಕೊಟ್ಟಿದ್ದರು. ಅವರನ್ನು ಕೆರಳಿಸಿದ್ದು ಜೋಡಣೆಯನ್ನು ಬೇರೆಯವರು ಕದಲಿಸಿದ್ದು. ಕಲೆ ಮಾರುಕಟ್ಟೆಗೆ ಇಳಿಯಿತೇ, ಕೈಚೀಲ ಕಲೆಯ ಮಟ್ಟಕ್ಕೆ ಏರಿತೇ ಎಂಬ ಹಳೆಯ ವಾದದಲ್ಲಿ ನನಗೆ ಹೆಚ್ಚು ಹುರುಳು ಕಾಣದು. ಪ್ರದರ್ಶನದ ಮೇಲೆ ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಹಾಕಿದರೆ ಇತಿಹಾಸ ಬೇರೆಯಾಗಿ ತೆರೆದುಕೊಳ್ಳುತ್ತದೆ.

ಪರಿಭಾಷೆಯ ಬಗ್ಗೆ ಒಂದು ಮಾತು. ‘ಶೋಕೇಸ್’ ಎಂದರೆ ನಮಗೆ ನೆನಪಾಗುವುದು ಮನೆಯ ಹಾಲ್‌ನಲ್ಲಿ ಗೊಂಬೆ, ಟ್ರೋಫಿ ಇಡುವ ಬೀರು. ಆದ್ದರಿಂದ ಇಲ್ಲಿ ‘ಕಿಟಕಿ’ ಎಂದೇ ಬಳಸಿದ್ದೇನೆ, ಅದರಿಂದ ಗಾಳಿ ಬಾರದಿದ್ದರೂ.

ಅದೇ ಬಾನ್‌ವಿಟ್ ಟೆಲ್ಲರ್ ಮಳಿಗೆಯಲ್ಲಿ ಮುಂದೆ ಕಿಟಕಿಗಳ ಹೊಣೆ ಹೊತ್ತವರು ಜೀನ್ ಮೂರ್. 1950ರ ದಶಕದಲ್ಲಿ ಕಲಾವಿದರಾದ ಜಾಸ್ಪರ್ ಜಾನ್ಸ್ ಮತ್ತು ರಾಬರ್ಟ್ ರೌಷೆನ್‌ಬರ್ಗ್ ಮೂರ್‌ಗಾಗಿ ದುಡಿದರು, ಆದರೆ ‘ಮ್ಯಾಟ್ಸನ್ ಜೋನ್ಸ್’ ಎಂಬ ಕಟ್ಟಿದ ಹೆಸರಿನಲ್ಲಿ. ಗ್ಯಾಲರಿಗೊಂದು ಹೆಸರು, ಬಾಡಿಗೆ ಕಟ್ಟಲು ಇನ್ನೊಂದು. 1961ರ ಏಪ್ರಿಲ್‌ನಲ್ಲಿ ಆಂಡಿ ವಾರ್ಹಾಲ್ ಅದೇ ಕಿಟಕಿಯಲ್ಲಿ ತಮ್ಮ ಐದು ಚಿತ್ರಗಳನ್ನಿಟ್ಟರು: ಸೂಪರ್‌ಮ್ಯಾನ್, ಪಾಪಾಯ್, ಮೂಗು ತಿದ್ದುವ ಶಸ್ತ್ರಚಿಕಿತ್ಸೆಯ ಅಗ್ಗದ ಜಾಹೀರಾತನ್ನು ಹಿಗ್ಗಿಸಿ ಬರೆದದ್ದು, ಇತ್ಯಾದಿ. ಮುಂದೆ ವಸಂತದ ಹೊಸ ಉಡುಪು ತೊಟ್ಟ ಬೊಂಬೆಗಳು, ಹಿಂದೆ ಪರದೆಯಂತೆ ಚಿತ್ರಗಳು. ಪತ್ರಿಕೆಯ ಮೂಲೆಯ ಜಾಹೀರಾತು ದುಬಾರಿ ಅಂಗಡಿಗೆ ಹಿನ್ನೆಲೆಯಾಗಿ ಬಂದು ನಿಂತಿತ್ತು. ಆದರೂ ಗಾಜಿನೊಳಗೆ ಯಜಮಾನಿಕೆ ಉಡುಪಿನದೇ. ಮರುವರ್ಷ ಲಾಸ್ ಏಂಜಲಿಸ್‌ನ ಫೆರಸ್ ಗ್ಯಾಲರಿಯಲ್ಲಿ ಅವರ 32 ಸೂಪ್ ಡಬ್ಬಿಗಳ ಚಿತ್ರಗಳನ್ನು ದಿನಸಿ ಅಂಗಡಿಯ ಸಾಮಾನಿನಂತೆ ಕಿರಿದಾದ ಹಲಗೆಯ ಮೇಲೆ ಸಾಲಾಗಿ ಇಡಲಾಯಿತು. ಅಂಗಡಿಯ ವಿದ್ಯೆ ಗ್ಯಾಲರಿಗೆ ದಾಟಿದ್ದು ಹೀಗೆ.

ಮುಂದಿನ ದಾಟು ಇದಕ್ಕಿಂತ ನಾಚಿಕೆಯಿಲ್ಲದ್ದು, ಹಾಗಾಗಿ ಹೆಚ್ಚು ಪ್ರಾಮಾಣಿಕವೂ ಹೌದು. ಲೂಯಿ ವಿಟಾನ್‌ನ ವಿನ್ಯಾಸ ನಿರ್ದೇಶಕರಾಗಿದ್ದ ಮಾರ್ಕ್ ಜೇಕಬ್ಸ್ ಕರೆಸಿಕೊಂಡ ಜಪಾನಿನ ಕಲಾವಿದ ತಕಾಶಿ ಮುರಕಾಮಿ, 2003ರಲ್ಲಿ ಆ ಕಂಪನಿಯ ಕಂದು-ಹೊನ್ನಿನ ಅಕ್ಷರಮುದ್ರೆಯನ್ನು 33 ಬಣ್ಣಗಳಲ್ಲಿ ಬಿಳಿ ಮತ್ತು ಕಪ್ಪು ನೆಲದ ಮೇಲೆ ಚೆಲ್ಲಿದರು. 2007ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲಿಸ್‌ನ ಸಮಕಾಲೀನ ಕಲಾ ಮ್ಯೂಸಿಯಂ ಅವರ ಸಮಗ್ರ ಪ್ರದರ್ಶನ ನಡೆಸಿದಾಗ ನಡುವೆಯೇ ಲೂಯಿ ವಿಟಾನ್‌ನ ನಿಜವಾದ ಮಳಿಗೆಯೊಂದು ತೆರೆದಿತ್ತು. ಹೊರಬಾಗಿಲ ಬಳಿಯ ನೆನಪಿನ ಕಾಣಿಕೆಯ ಅಂಗಡಿಯಲ್ಲ ಅದು; ಪ್ರದರ್ಶನದ ಒಂದು ಭಾಗ. ಗಲ್ಲಾಪೆಟ್ಟಿಗೆ ಇತ್ತು, ಚೀಲ ಕೊಳ್ಳಬಹುದಿತ್ತು, ಮಾರಾಟದ ಹಣದಲ್ಲಿ ಮ್ಯೂಸಿಯಮ್ಮಿಗೆ ಪಾಲು ಇರಲಿಲ್ಲ. ಪ್ರದರ್ಶನದ ಹೆಸರಿನಲ್ಲೇ ಹಕ್ಕುಸ್ವಾಮ್ಯದ ಚಿಹ್ನೆ. ಜಾನ್ಸ್ ಮುಚ್ಚಿಟ್ಟಿದ್ದ ಹೆಸರು ಇಲ್ಲಿ ಸರಕಿನ ಮೇಲೆಯೇ ಅಚ್ಚಾಗಿದೆ. 2008ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂಗೆ ಆ ಪ್ರದರ್ಶನ ಹೋದಾಗ, ಉದ್ಘಾಟನೆಯ ದಿನ ಹೊರಗೆ ನಕಲಿ ಮಾಲಿನ ಬೀದಿಗಾಡಿಗಳಂತೆ ಕಾಣುವ ಮಳಿಗೆಗಳನ್ನು ನಿಲ್ಲಿಸಿ ಅಸಲಿ ಚೀಲಗಳನ್ನೇ ಮಾರಲಾಯಿತು! ಕೊನೆಯ ಮಾತು ಯಾರದೆಂದು ಇಲ್ಲಿ ಬಿಡಿಸಿ ಹೇಳುವುದು ಕಷ್ಟ: ಕಲಾವಿದ ಮಳಿಗೆಯನ್ನು ಕೃತಿಯಾಗಿಸಿಕೊಂಡರು, ಮಳಿಗೆಗೆ ಮ್ಯೂಸಿಯಮ್ಮಿನ ಗೋಡೆ ಸಿಕ್ಕಿತು.

ಆ ಪ್ರಶ್ನೆಗೆ ಕಾನೂನು ಉತ್ತರ ಹುಡುಕಬೇಕಾಗಿ ಬಂದದ್ದು ಟೆಕ್ಸಸ್‌ನ ಬಯಲಿನಲ್ಲಿ. ವ್ಯಾಲೆಂಟೈನ್ ಎಂಬ ಊರಿನ ಹತ್ತಿರ, 90ನೇ ಹೆದ್ದಾರಿಯ ಪಕ್ಕ, 2005ರಲ್ಲಿ ಎಲ್ಮ್‌ಗ್ರೀನ್ ಮತ್ತು ಡ್ರಾಗ್ಸೆಟ್ ಎಂಬ ಕಲಾವಿದ ಜೋಡಿ ಒಂಟಿ ಅಂಗಡಿಯೊಂದನ್ನು ಕಟ್ಟಿದರು: ‘ಪ್ರಾಡಾ ಮಾರ್ಫಾ’. ಒಳಗಿನ ಚೀಲ, ಪಾದರಕ್ಷೆಗಳನ್ನು ಆರಿಸಿಕೊಟ್ಟವರು ಪ್ರಾಡಾ ಕಂಪನಿಯ ವಿನ್ಯಾಸಕಿ ಮಿಯುಚ್ಚಾ ಪ್ರಾಡಾ ಅವರೇ. ಬಾಗಿಲು ತೆರೆಯದು, ಏನೂ ಮಾರಾಟಕ್ಕಿಲ್ಲ. 2013ರಲ್ಲಿ ರಾಜ್ಯದ ಸಾರಿಗೆ ಇಲಾಖೆ ಇದನ್ನು ಪರವಾನಗಿಯಿಲ್ಲದ ಜಾಹೀರಾತು ಫಲಕವೆಂದಿತು. ಮರುವರ್ಷ ತೊಡಕು ಬಗೆಹರಿದದ್ದು ಇದನ್ನು ಮ್ಯೂಸಿಯಂ ಎಂದು ವರ್ಗೀಕರಿಸಿ; ಕಟ್ಟಡವೇ ಅದರ ಏಕೈಕ ಪ್ರದರ್ಶನ ವಸ್ತು. ಶುರುವಿನ ದಿನಗಳಲ್ಲೇ ಕಳ್ಳರು ನುಗ್ಗಿ ಸರಕು ಹೊತ್ತೊಯ್ದಿದ್ದರು. ಆಮೇಲೆ ಇಟ್ಟ ಚೀಲಗಳಿಗೆ ತಳವಿಲ್ಲ, ಪಾದರಕ್ಷೆಗಳೆಲ್ಲ ಬಲಗಾಲಿನವು. ಜೋಡಿಲ್ಲದ ಆ ಜೋಡುಗಳನ್ನು ಗಾಜಿಗೆ ಹಣೆಯಿಟ್ಟು ನೋಡಬಹುದು.