‘4’ರ ಅಡ್ಡಗೆರೆ ಹೇಳುವ ಕಥೆ

ಇಮಾಮ್ ಅಹ್ಮದ್ ಬಿನ್ ಸಯೀದ್ ಒಮಾನಿನ ಈಗಿನ ರಾಜವಂಶದ ಮೂಲಪುರುಷ. ಅವರ ಮೊಮ್ಮಗ, ಮಸ್ಕತ್‌ನ ದೊರೆ ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ 1833ರಲ್ಲಿ ಅಮೆರಿಕದೊಡನೆ ವ್ಯಾಪಾರ ಒಪ್ಪಂದ ಮಾಡಿಕೊಂಡರು. 1835ರಲ್ಲಿ ಅಮೆರಿಕದ ಪ್ರತಿನಿಧಿ ಎಡ್ಮಂಡ್ ರಾಬರ್ಟ್ಸ್ ‘ಪೀಕಾಕ್’ ಹಡಗಿನಲ್ಲಿ ಮಸ್ಕತ್‌ಗೆ ಮತ್ತೆ ಬಂದಾಗ ಉಡುಗೊರೆಗಳ ನಡುವೆ ನಾಣ್ಯಗಳ ಪೆಟ್ಟಿಗೆಯೂ ಇತ್ತು.

ಇಂಥ ಪೆಟ್ಟಿಗೆಗೆ ಅಮೆರಿಕದ ಎಲ್ಲ ಬಗೆಯ ನಾಣ್ಯವೂ ಬೇಕಿತ್ತು. ಆದರೆ ಹತ್ತು ಡಾಲರಿನ ಚಿನ್ನದ ‘ಈಗಲ್’ ಟಂಕಿಸುವುದು 1804ರಲ್ಲೇ ನಿಂತಿತ್ತು. ಫಿಲಡೆಲ್ಫಿಯಾ ಟಂಕಸಾಲೆ 1834ರಲ್ಲಿ ಹೊಸ ಅಚ್ಚು ಕೆತ್ತಿಸಿ, ಅದರ ಮೇಲೆ ಹಳೆಯ ಇಸವಿಯನ್ನೇ ಹಾಕಿಸಿತು.

ಹಳೆಯ ಮತ್ತು ಹೊಸ ಅಚ್ಚಿನ ಈಗಲ್‌ಗಳನ್ನು ಬೇರ್ಪಡಿಸಿ ಗುರುತಿಸಲು ಇಸವಿಯ ಕೊನೆಯ ಅಂಕಿ ಸಾಕು. ಮೂಲ ಅಚ್ಚಿನ ‘4’ರ ಅಡ್ಡಗೆರೆಯ ಬಲತುದಿಯಲ್ಲಿ ಪುಟ್ಟದೊಂದು ನಿಲುಗೆರೆ ಇದೆ, 1834ರ ಅಚ್ಚಿನಲ್ಲಿ ತುದಿ ಬೋಳು. ಭೂತಗನ್ನಡಿ ಹಿಡಿದರೆ ನಿಚ್ಚಳವಾಗುವ ಈ ಸಣ್ಣ ವ್ಯತ್ಯಾಸದ ಹಿಂದೆ 30 ವರ್ಷಗಳ ಅಂತರವಿದೆ.

ಬೋಳು ‘4’ರ ಈಗಲ್‌ಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇಂಥದ್ದೇ ಉಡುಗೊರೆಯಾಗಿ ಸಯಾಮಿನ ದೊರೆಗೆ ಹೋದ ಪೆಟ್ಟಿಗೆ 1962ರಲ್ಲಿ ಬೆಳಕಿಗೆ ಬಂದಾಗ ಅದರಲ್ಲೊಂದು ಈಗಲ್ ಇತ್ತು.

ಮಸ್ಕತ್ ಪೆಟ್ಟಿಗೆಯದೆಂದು ತಜ್ಞರು ಗುರುತಿಸುವ, ಈಗಲ್‌ನಂತೆಯೇ 1804ರ ಇಸವಿ ಹೊತ್ತ ಬೆಳ್ಳಿ ಡಾಲರ್ 1999ರ ಹರಾಜಿನಲ್ಲಿ 41.4 ಲಕ್ಷ ಡಾಲರಿಗೆ ಮಾರಾಟವಾಯಿತು.